ಕಾಣದ ಚುಕ್ಕೆಯ ಕಾವಲು: ಟ್ರ್ಯಾಕಿಂಗ್ ಪಿಕ್ಸೆಲ್

ಟ್ರ್ಯಾಕಿಂಗ್ ಪಿಕ್ಸೆಲ್ ಎಂದರೆ ಜಾಲತಾಣದ ಪುಟದಲ್ಲೋ ಇಮೇಲ್‌ನಲ್ಲೋ ಅಡಗಿಸಿಟ್ಟ, ಒಂದು ಪಿಕ್ಸೆಲ್ ಉದ್ದ, ಒಂದು ಪಿಕ್ಸೆಲ್ ಅಗಲದ ಪಾರದರ್ಶಕ ಚಿತ್ರ. ಜಿಫ್ ರೂಪದಲ್ಲಿ ಅದರ ಗಾತ್ರ ಸುಮಾರು 43 ಬೈಟ್. ಚಿತ್ರದಲ್ಲಿ ನೋಡುವಂಥದ್ದು ಏನೂ ಇಲ್ಲ. ಅದನ್ನು ತರಿಸಿಕೊಳ್ಳುವ ಕ್ರಿಯೆಯೇ ಮಾಹಿತಿ.

ಪುಟ ತೆರೆದಾಗ ಬ್ರೌಸರ್ ಅದರಲ್ಲಿರುವ ಪ್ರತಿ ಚಿತ್ರವನ್ನೂ ಆಯಾ ಸರ್ವರ್‌ನಿಂದ ಕೇಳಿ ಪಡೆಯುತ್ತದೆ. ಪಿಕ್ಸೆಲ್ ಸಾಮಾನ್ಯವಾಗಿ ಇರುವುದು ಜಾಹೀರಾತು ಕಂಪನಿಯ ಸರ್ವರ್‌ನಲ್ಲಿ. ಹಾಗಾಗಿ ಐಪಿ ವಿಳಾಸ, ಬ್ರೌಸರ್‌ನ ಬಗೆ, ಸಮಯ, ಯಾವ ತಾಣದಿಂದ ಕೋರಿಕೆ ಬಂತು ಎಂಬ ವಿವರ ಆ ಕಂಪನಿಗೆ ತಲುಪುತ್ತವೆ. ಅದು ಬ್ರೌಸರ್‌ನಲ್ಲಿ ಮೊದಲೇ ಇರಿಸಿದ ಕುಕಿ ಎಂಬ ಪುಟ್ಟ ಗುರುತಿನ ಕಡತ ಇದ್ದರೆ ಅದೂ ಜೊತೆಗೆ ಹೋಗುತ್ತದೆ. ಕುಕಿಯ ಗುರುತು ಸಂಖ್ಯೆ ಬೇರೆ ಬೇರೆ ತಾಣಗಳ ಭೇಟಿಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ.

ಬೆಳ್ತಂಗಡಿ ತಾಲೂಕಿನ ಮುಂಡಾಜೆಯ ಅಡಿಕೆ ಕೃಷಿಕರೊಬ್ಬರು ಆನ್‌ಲೈನ್ ಮಳಿಗೆಯಲ್ಲಿ ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯ ಬೆಲೆ ನೋಡಿ, ಕಾರ್ಟ್‌ಗೆ ಹಾಕಿ, ಕೊಳ್ಳದೆ ಹೊರಬಂದರು ಎಂದುಕೊಳ್ಳೋಣ. ದೋಟಿಯ ಪುಟ ತೆರೆದದ್ದು, ಕಾರ್ಟ್‌ಗೆ ಹಾಕಿದ್ದು ಒಂದೊಂದೂ ಪ್ರತ್ಯೇಕ ಘಟನೆಯಾಗಿ ದಾಖಲಾಗುತ್ತದೆ. ಪಾವತಿಯ ದಾಖಲೆ ಇಲ್ಲದಿರುವುದೂ ಸುಳಿವೇ. ಮಳಿಗೆಯ ಪುಟದಲ್ಲಿರುವುದು ಫೇಸ್‌ಬುಕ್‌ನ ಪಿಕ್ಸೆಲ್ ಆಗಿದ್ದಲ್ಲಿ, ಸಂಜೆ ಫೇಸ್‌ಬುಕ್ ತೆರೆದರೆ ಅದೇ ದೋಟಿಯ ಜಾಹೀರಾತು ಎದುರಾಗಬಹುದು. ಇದಕ್ಕೆ ರೀಮಾರ್ಕೆಟಿಂಗ್ ಎನ್ನುತ್ತಾರೆ. ಮೊಬೈಲ್ ಜಾಲದ ಐಪಿ ವಿಳಾಸ ಮುಂಡಾಜೆಯ ಬದಲು ಮಂಗಳೂರನ್ನೋ ಬೆಂಗಳೂರನ್ನೋ ತೋರಿಸಬಹುದು. ಊರು ತಪ್ಪಿದರೂ ಆಸಕ್ತಿಯ ಲೆಕ್ಕ ತಪ್ಪುವುದಿಲ್ಲ. ಫೇಸ್‌ಬುಕ್ 2015ರಲ್ಲಿ ಹೊರತಂದ ಪಿಕ್ಸೆಲ್ ಬರೀ ಚಿತ್ರವಲ್ಲ, ಜಾವಾಸ್ಕ್ರಿಪ್ಟ್ ಕೋಡ್. ಗುಂಡಿ ಒತ್ತಿದ್ದನ್ನೂ ಅದು ವರದಿ ಮಾಡಬಲ್ಲದು.

ಇಮೇಲ್‌ನಲ್ಲಿ ಪ್ರತಿಯೊಬ್ಬರಿಗೂ ಬೇರೆ ವಿಳಾಸದ ಪಿಕ್ಸೆಲ್ ಕಳುಹಿಸುತ್ತಾರೆ. ಯಾವ ಚಿತ್ರಕ್ಕೆ ಕೋರಿಕೆ ಬಂತೆಂದು ನೋಡಿ, ಯಾರು, ಯಾವಾಗ ಪತ್ರ ತೆರೆದರು ಎಂದು ತಿಳಿಯುತ್ತಾರೆ. 2013ರಿಂದ ಜಿಮೇಲ್ ಚಿತ್ರಗಳನ್ನು ತನ್ನ ಸರ್ವರ್ ಮೂಲಕವೇ ತರಿಸುವುದರಿಂದ ಓದುಗರ ಐಪಿ ವಿಳಾಸ ಮರೆಯಾಗುತ್ತದೆ. 2021ರಲ್ಲಿ ಆಪಲ್ ಮೇಲ್, ಪತ್ರ ತೆರೆಯುವ ಮೊದಲೇ ಚಿತ್ರ ತರಿಸಿಡುವ ಸೌಲಭ್ಯ ನೀಡಿ ಈ ಲೆಕ್ಕವನ್ನೇ ಅಸ್ಪಷ್ಟಗೊಳಿಸಿತು. ಇಮೇಲ್‌ನಲ್ಲಿ ಚಿತ್ರಗಳು ತಾವಾಗಿ ಮೂಡದಂತೆ ತಡೆಯುವುದು, ಬ್ರೌಸರ್‌ನಲ್ಲಿ ಅನ್ಯ ತಾಣಗಳ ಕುಕಿಗಳನ್ನು ನಿರ್ಬಂಧಿಸುವುದು ಬಳಕೆದಾರರ ಕೈಯಲ್ಲೇ ಇರುವ ರಕ್ಷಣೆಗಳು.

ಇನ್ನು ಕಾನೂನಿನ ಮಾತು. ಭಾರತದಲ್ಲಿ ಖಾಸಗಿತನದ ಹಕ್ಕಿಗೆ ಬುನಾದಿ ಹಾಕಿಕೊಟ್ಟ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ದತ್ತಾಂಶ ಬಳಕೆಗೆ ಕೊಡುವ ಸಮ್ಮತಿ ಮುಕ್ತವೂ ನಿರ್ದಿಷ್ಟವೂ ಆಗಿರಬೇಕು, ಅದನ್ನು ಹಿಂಪಡೆಯುವ ಹಕ್ಕೂ ಇರಬೇಕು. ಕಾಣದ ಚಿತ್ರಕ್ಕೆ ಯಾರೂ ಅರಿತು ಒಪ್ಪಿಗೆ ಕೊಡಲಾರರು. ಆದ್ದರಿಂದ ಅದು ಅಲ್ಲಿದೆ ಎಂದು ಮೊದಲೇ ತಿಳಿಸುವುದು ತಾಣದ ಹೊಣೆ.