ಕಾಂಪೌಂಡ್ ದಾಟಿ ಬಂದ ಕೊಂಬೆ ಯಾರದ್ದು?

ನಾವಿರೋ ರೂಮು ಜಯನಗರದ ಒಂದು ಹಳೇ ಮನೆಯ ಮಹಡಿ ಮೇಲೆ. ಮುಂದಿನ ಫುಟ್‌ಪಾತಲ್ಲಿ ದೊಡ್ಡ ಮಳೆಮರ. ಅದರ ಒಂದು ಕೊಂಬೆ ಕಾಂಪೌಂಡ್ ದಾಟಿ ನೇರ ಸೋಲಾರ್ ಹೀಟರ್ ಮೇಲೆ ಚಾಚಿಕೊಂಡಿತ್ತು. ಏಪ್ರಿಲ್‌ನ ಮೊದಲ ಗಾಳಿಮಳೆಗೆ ಅದು ಕರಕರ ಅಂದ ರಾತ್ರಿ ಓನರ್ ಆಂಟಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಎದ್ದವರೇ, “ಯಾರಾದ್ರೂ ಮರ ಕಡಿಯೋನನ್ನ ಕರ್ಕೊಂಬನ್ರಪ್ಪ. ನಮ್ ಕಾಂಪೌಂಡ್ ಒಳಗೆ ಬಂದಿದ್ದು ನಮ್ದೇ ತಾನೆ?” ಅಂದರು.

ಅಷ್ಟು ಸುಲಭ ಇಲ್ಲ. ಪಕ್ಕದವರ ಮರದ ಕೊಂಬೆ ನಮ್ಮ ಜಾಗಕ್ಕೆ ಬಂದರೆ ಗಡಿಯವರೆಗೆ ಕತ್ತರಿಸಬಹುದು ಅಂತ ಇಂಗ್ಲೆಂಡಿನಲ್ಲಿ 1894ರಲ್ಲೇ ‘ಲೆಮನ್ ವರ್ಸಸ್ ವೆಬ್’ ಕೇಸಿನಲ್ಲಿ ತೀರ್ಪಾಗಿದೆ. ಆಂಟಿ ಮಾತಿನ ಮೂಲ ಅಂಥದ್ದೇ ನ್ಯಾಯ. ಆದರೆ ಇದು ರಸ್ತೆ ಬದಿಯ ಸಾರ್ವಜನಿಕ ಮರ, ಜೊತೆಗೆ ನಮ್ಮಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ನಾವೇ ಗರಗಸ ಹಿಡಿಯೋ ಹಾಗಿಲ್ಲ.

ಹಾಗಾದರೆ ಯಾರಿಗೆ ಹೇಳೋದು? ಪಾಲಿಕೆಯ ಅರಣ್ಯ ವಿಭಾಗಕ್ಕೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ಜಯನಗರ, ಬಿಟಿಎಂ ಎಲ್ಲ ಈಗ ದಕ್ಷಿಣ ಪಾಲಿಕೆಗೆ ಸೇರಿವೆ. 1533ಗೆ ಫೋನ್ ಮಾಡಿದರೆ ದೂರು ದಾಖಲಾಗುತ್ತೆ, ನಂಬರ್ ಬರೆದಿಟ್ಟುಕೊಳ್ಳಿ. ಕೊಂಬೆ ಕರೆಂಟ್ ತಂತಿಗೆ ತಾಗುತ್ತಿದ್ದರೆ ಮೊದಲು ಬೆಸ್ಕಾಂನ 1912. ಆಮೇಲೂ ಹತ್ತಿರ ಹೋಗಬೇಡಿ, ಒದ್ದೆ ಕೊಂಬೆಯಲ್ಲಿ ಕರೆಂಟ್ ಹರಿಯುತ್ತೆ. ದೂರಿನಲ್ಲಿ “ಮರದಿಂದ ತೊಂದರೆ” ಅಂತ ಬರೆಯಬೇಡಿ. ಯಾವ ಕೊಂಬೆ, ಯಾವ ಕಡೆ, ಬಿರುಕಿದೆಯಾ ಅಂತ ಬರೆದು ಫೋಟೋ ಹಾಕಿ. “ತೊಂದರೆ” ಅಂದರೆ ಇಡೀ ಮರಾನೇ ಬೋಳಿಸೋ ಸಾಧ್ಯತೆ ಇರುತ್ತೆ.

ಈಗ ನಮ್ಮ ಸಬ್ಜೆಕ್ಟಿಗೆ ಬರೋಣ. ಕೊಂಬೆ ಅಂದರೆ ಕ್ಯಾಂಟಿಲಿವರ್. 6 ಮೀಟರ್ ಉದ್ದ, 200 ಕೆಜಿ ತೂಕ, ಭಾರಕೇಂದ್ರ ನಡುವೆ ಅಂತ ಇಟ್ಟುಕೊಳ್ಳಿ. ಬುಡದ ಮೇಲೆ ಬೆಂಡಿಂಗ್ ಮೊಮೆಂಟ್ ಸುಮಾರು 5,900 ನ್ಯೂಟನ್ ಮೀಟರ್. ಮಳೆ ಬಂದು ತುದಿಯ ಎಲೆಗಳಲ್ಲಿ, 5 ಮೀಟರ್ ದೂರದಲ್ಲಿ, 50 ಕೆಜಿ ನೀರು ನಿಂತರೆ ಇನ್ನೊಂದು 2,450 ಸೇರುತ್ತೆ. ತೂಕ ಕಾಲು ಭಾಗ ಹೆಚ್ಚಿದರೆ ಮೊಮೆಂಟ್ ಶೇ. 40ಕ್ಕೂ ಜಾಸ್ತಿ! ಗಾಳಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅದಕ್ಕೇ ತುದಿ ಹಗುರ ಮಾಡಿದರೆ ಸಾಕಷ್ಟು ಲಾಭ, ಬುಡಕ್ಕೇ ಕೊಡಲಿ ಹಾಕಬೇಕಾಗಿಲ್ಲ. ಇನ್ನೊಂದು ವಿಷಯ: ತಂತಿ ಇರೋ ಕಡೆ ಮಾತ್ರ ವರ್ಷ ವರ್ಷ ಕತ್ತರಿಸುತ್ತಾ ಹೋದರೆ ಮರದ ಭಾರವೆಲ್ಲ ಮನೆ ಕಡೆ ವಾಲುತ್ತೆ. ನಮ್ಮ ಮರದ್ದೂ ಅದೇ ಕಥೆ.

ಕತ್ತರಿಸೋದಕ್ಕೂ ರೀತಿ ಇದೆ. ಮೊದಲು ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಅರ್ಧಂಬರ್ಧ ಕೊಯ್ದು, ಇನ್ನೂ ಸ್ವಲ್ಪ ಆಚೆ ಮೇಲಿನಿಂದ ಪೂರ್ತಿ ಕೊಯ್ಯಬೇಕು. ಆಗ ತೊಗಟೆ ಸೀಳಲ್ಲ. ಕೊನೆಗೆ ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಸೇರೋ ಕಡೆ ಉಬ್ಬಿರುತ್ತಲ್ಲ, ಆ ಉಬ್ಬು ಬಿಟ್ಟು ತೆಗೆಯಬೇಕು. ಗಾಯ ಮುಚ್ಚೋದು ಆ ಉಬ್ಬಿನಿಂದಲೇ. ತಲೆ ಬೋಳಿಸಿದರೆ ಚಿಗುರು ದಂಡಿಯಾಗಿ ಬರುತ್ತೆ ನಿಜ, ಆದರೆ ಅದರ ಹಿಡಿತ ಮೇಲ್ಪದರದಲ್ಲಿ ಮಾತ್ರ. ದಪ್ಪ ಆದಮೇಲೆ ಮುರಿಯೋದು ಅದೇ.

1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ಈ ಊರಿನಲ್ಲಿ ಸುಮಾರು 15 ಲಕ್ಷ ಸಸಿ ನೆಟ್ಟರು. ನಾವು ಇವತ್ತು ನೆರಳಲ್ಲಿ ನಡೆಯೋದಕ್ಕೆ ಅದೂ ಒಂದು ಕಾರಣ.

ಕೊನೆಗೆ ಸಿಬ್ಬಂದಿ ಬಂದು ತುದಿ ಇಳಿಸಿದರು. ಹೋಗುವಾಗ ಒಬ್ಬರು ಮರದ ಬುಡ ತೋರಿಸಿ, “ಕೊಂಬೆ ಬಿಡಮ್ಮ, ಇದನ್ಯಾರು ಮಾಡಿದ್ದು?” ಅಂದರು. ಸ್ಕೂಟರ್ ನಿಲ್ಲಿಸೋಕೆ ಅಂತ ಆಂಟಿಯೇ ಕಾಂಡದವರೆಗೂ ಸಿಮೆಂಟ್ ಹಾಕಿಸಿದ್ದರು. ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ಇರಬಾರದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು. ಭಾನುವಾರ ನಾವು ಮೂವರು ಹಾರೆ ತಗೊಂಡು ಅಷ್ಟು ಜಾಗ ಒಡೆದೆವು. ಆಂಟಿ ಕಾಫಿ ಕೊಟ್ಟರು. ಸ್ಕೂಟರ್ ಈಗ ಗೇಟಿನೊಳಗೆ ನಿಲ್ಲುತ್ತೆ.