ಕಾದ ನೀರಿನ ಶಾಖ ಉಳಿಸುವ ಬಗೆ: ಗೀಸರ್ ಮತ್ತು ಬಚ್ಚಲ ಹಂಡೆ

ಹುಣಸಗಿ ತಾಲ್ಲೂಕಿನ ಗ್ರಾಮಗಳಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಉರಿಸಿ ಹಂಡೆ ಕಾಯಿಸುವ ರೂಢಿ ಹಳೆಯದು. ಈಚೆಗೆ ಅದರ ಜೊತೆಗೆ ಕಾಯಿಲ್ ಹಾಗೂ ಗೀಸರ್‌ಗಳೂ ಬಂದಿವೆ. ಗೃಹಜ್ಯೋತಿ ಯೋಜನೆಯ ಶೂನ್ಯ ಬಿಲ್ಲು 2023ರ ಆಗಸ್ಟ್‌ನಿಂದ ಜಾರಿಯಲ್ಲಿದ್ದು, ಪ್ರತಿ ಮನೆಯ ಅರ್ಹ ಮಿತಿಯನ್ನು ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ನಿಗದಿಪಡಿಸಲಾಗಿದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ಲನ್ನು ಗ್ರಾಹಕರೇ ಭರಿಸಬೇಕಾಗುತ್ತದೆ. ಚಳಿಗಾಲದಲ್ಲಿ ಈ ಗಡಿ ದಾಟಿಸುವ ಸಾಧನಗಳಲ್ಲಿ ಗೀಸರ್ ಮುಖ್ಯವಾದುದು.

ನಾಲ್ವರ ಕುಟುಂಬಕ್ಕೆ ದಿನಕ್ಕೆ 60 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಸುಮಾರು 1.75 ಯೂನಿಟ್, ಅಂದರೆ ತಿಂಗಳಿಗೆ 50 ಯೂನಿಟ್‌ಗೂ ಹೆಚ್ಚು ಬೇಕು. ಯಾವ ಹೊದಿಕೆಯೂ ಇದನ್ನು ತಗ್ಗಿಸಲಾರದು. ತಗ್ಗಿಸಬಹುದಾದದ್ದು ಕಾದ ನೀರು ನಿಂತಲ್ಲೇ ತಣಿಯುವ ನಷ್ಟವನ್ನು ಮಾತ್ರ. ಸ್ವಿಚ್ ಹಗಲಿರುಳೂ ಹಾಕಿಯೇ ಇದ್ದು, ದಿನಕ್ಕೆ ಒಂದು ಯೂನಿಟ್ ಹೀಗೆ ಸೋರಿದರೂ ತಿಂಗಳಿಗೆ 30 ಯೂನಿಟ್ ವ್ಯರ್ಥ. ಗೀಸರ್‌ನ ತಾರಾ ಚೀಟಿಯಲ್ಲಿ ಈ ನಷ್ಟದ ಪ್ರಮಾಣವನ್ನು ನಮೂದಿಸಲಾಗಿರುತ್ತದೆ. ಕೊಳ್ಳುವಾಗ ಅದನ್ನು ಓದುವವರು ವಿರಳ.

ನೀರು ಕಾದ ಮೇಲೆ ಗೀಸರ್‌ನ ಹೊರಮೈ ಮುಟ್ಟಿದಾಗ ತಣ್ಣಗಿದ್ದರೆ ಒಳಗಿನ ಶಾಖನಿರೋಧಕ ಪದರ ಸರಿಯಾಗಿದೆಯೆಂದು ತಿಳಿಯಬಹುದು. ಮೇಲೆ ಮತ್ತೊಂದು ಹೊದಿಕೆಗೆ ಹಣ ಹಾಕುವ ಅಗತ್ಯವಿಲ್ಲ. ಬೆಚ್ಚಗಿದ್ದರೆ ವಿದ್ಯುತ್ ಸಂಪರ್ಕ ಕಡಿತಗೊಳಿಸಿ ಗಾಜಿನ ಉಣ್ಣೆಯ ಹೊದಿಕೆ ಸುತ್ತಬಹುದು. ಥರ್ಮೋಸ್ಟಾಟ್ ಇರುವ ಮುಚ್ಚಳ, ವೈರು ಹಾಗೂ ಒತ್ತಡ ಬಿಡುಗಡೆಯ ವಾಲ್ವನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಗ್ಯಾಸ್ ಗೀಸರ್‌ಗೆ ಹೊದಿಕೆಯನ್ನೇ ಸುತ್ತಕೂಡದು. ಗಾಳಿಯ ಸಂಚಾರ ನಿಂತರೆ ಜೀವಕ್ಕೇ ಅಪಾಯ.

ಮಾಳಿಗೆಯ ಸೋಲಾರ್ ಹೀಟರ್‌ನಿಂದ ಬಚ್ಚಲಿಗೆ ಬರುವ ಪೈಪನ್ನು ಬಹುತೇಕರು ಗಮನಿಸುವುದಿಲ್ಲ. ಅರ್ಧ ಇಂಚಿನ ಪೈಪು 15 ಮೀಟರ್ ಉದ್ದವಿದ್ದರೆ ಅದರೊಳಗೇ ಸುಮಾರು ಎರಡೂವರೆ ಲೀಟರ್ ನೀರು ನಿಂತು ತಣಿಯುತ್ತದೆ. ಬಿಸಿನೀರಿನ ಪೈಪಿಗೆ ರಬ್ಬರ್ ಫೋಮ್ ಹೊದಿಕೆ ಹಾಕಿಸಿ, ಬಿಸಿಲಿಗೆ ಅದು ಹಾಳಾಗದಂತೆ ಮೇಲೆ ರಕ್ಷಣಾ ಪಟ್ಟಿ ಸುತ್ತಿಸುವುದು ಸೂಕ್ತ.

ಹಂಡೆಯ ವಿಷಯದಲ್ಲಿ ಮುಚ್ಚಳವೇ ಮೊದಲ ಹೊದಿಕೆ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಒಯ್ಯುವ ಶಾಖವು 15 ಲೀಟರಿನ ಒಂದು ಕೊಡ ನೀರನ್ನು 35 ಡಿಗ್ರಿಯಷ್ಟು ಬಿಸಿ ಮಾಡಬಲ್ಲದು. ಹಂಡೆಯ ಸುತ್ತ ಮಣ್ಣು ಮತ್ತು ಬೂದಿ ಬೆರೆಸಿದ ದಪ್ಪ ಗೋಡೆ ಕಟ್ಟಿಸಿದರೆ ಕಟ್ಟಿಗೆ ಉಳಿಯುತ್ತದೆ. ಗೋಣಿಚೀಲವನ್ನು ಬೆಂಕಿ ಆರಿದ ನಂತರವೇ ಹೊದಿಸಬೇಕು. ಒದ್ದೆಯಾದ ಚೀಲ ಶಾಖ ತಡೆಯುವುದಿಲ್ಲ. ಕಾಯಿಲ್ ಬಳಸುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕಾಯಿಲ್ ಹೊರತೆಗೆದ ನಂತರವೇ ಬಕೆಟ್ ಮುಚ್ಚತಕ್ಕದ್ದು.

ಚಳಿಗಾಲದ ಬಿಲ್ಲು ಹೆಚ್ಚಾಯಿತೆಂಬ ದೂರು ಗ್ರಾಮ ಸಭೆಗೆ ಬಂದಾಗ, ಮನೆಯಲ್ಲಿ ಗೀಸರ್ ಎಷ್ಟು ಹೊತ್ತು ಚಾಲೂ ಇರುತ್ತದೆಂದು ಸದಸ್ಯರು ಮೊದಲು ವಿಚಾರಿಸಬೇಕು. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ, ಕಾದೊಡನೆ ಆರಿಸುವ ಮನೆಯಲ್ಲಿ ಹೊದಿಕೆಯಿಂದಾಗುವ ಉಳಿತಾಯ ಅಲ್ಪ. ಅಂಥವರು ಅದಕ್ಕಿಂತ ಮೊದಲು ಅರ್ಥಿಂಗ್ ಸರಿಪಡಿಸಿಕೊಳ್ಳುವುದು ಮೇಲು.