ಎರಡೇ ದಿನದಲ್ಲಿ ಗುಣ ಎನ್ನುವ ಮೋಸ

ಮುಂಬೈ ಬಳಿಯ ಭಿವಂಡಿಯ ಪವರ್‌ಲೂಮ್ ಶೆಡ್ಡಿನೊಳಗೆ ಮೇ ತಿಂಗಳ ಮಧ್ಯಾಹ್ನ ಐದು ನಿಮಿಷ ನಿಂತರೆ ಸಾಕು, ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಮಗ್ಗ ನಡೆಸುವವರು ಅಲ್ಲಿ ಹನ್ನೆರಡು ಗಂಟೆಯ ಪಾಳಿ ಮಾಡುತ್ತಾರೆ. ಮೇಲೆ ತಗಡಿನ ಕಾವು, ಪಕ್ಕದಲ್ಲಿ ಮೋಟಾರಿನ ಬಿಸಿ, ಮೈತುಂಬ ಹತ್ತಿಯ ದೂಳು. ಪಾಳಿ ಮುಗಿದರೆ ಭಿಸ್ಸಿ ಎನ್ನುವ ಕಾರ್ಮಿಕರ ಖಾನಾವಳಿಯಲ್ಲಿ ಊಟ, ಹಲವರು ಹಂಚಿಕೊಂಡ ಕೋಣೆಯಲ್ಲಿ ನಿದ್ದೆ. ಠಾಣೆ, ಕಲ್ಯಾಣಗಳ ಉಡುಪಿ ಹೋಟೆಲುಗಳಲ್ಲಿ ಒಲೆಯ ಮುಂದೆ ನಿಲ್ಲುವ ನಮ್ಮ ಕರಾವಳಿಯ ಹುಡುಗರ ಪಾಡೂ, ಡೊಂಬಿವಲಿಯಿಂದ ಕಿಕ್ಕಿರಿದ ಲೋಕಲ್ ಹಿಡಿಯುವವರ ಪಾಡೂ ಇದಕ್ಕೆ ದೂರವಲ್ಲ. ಸಮುದ್ರದ ಹಸಿಗಾಳಿಯ ಈ ಪಟ್ಟಿಯಲ್ಲಿ ಬೆವರು ಬರುತ್ತದೆ, ಆರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಸಾವಿರ ಮಿಲಿಮೀಟರಿಗೂ ಮೀರಿದ ಮಳೆ ಸುರಿದು, ಒಗೆದ ಬಟ್ಟೆಯೂ ಒಣಗುವುದಿಲ್ಲ.

ಇಂಥ ಊರಿನಲ್ಲಿ ಚರ್ಮದ ಆರೈಕೆ ಬರೀ ಅಂದಚಂದದ ಮಾತಾಗಿ ಉಳಿಯುವುದಿಲ್ಲ. ತುರಿಕೆಯಿಂದ ನಿದ್ದೆ ಕೆಟ್ಟವನ ಮರುದಿನದ ದುಡಿಮೆ ಕೆಡುತ್ತದೆ. ಹಾಗಿದ್ದೂ ನಾವು ಚರ್ಮ ಮತ್ತು ಕೂದಲಿನ ವಿಷಯದಲ್ಲಿ ನಂಬಿಕೊಂಡು ಬಂದಿರುವ ಹಲವು ಮಾತು ತಪ್ಪು. ಈ ತಪ್ಪುಗಳ ಬುಡದಲ್ಲಿರುವುದು ಅವಸರ. ಮೇಲ್ಚರ್ಮ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಇಷ್ಟು ನಿಧಾನದ ಅಂಗಗಳಲ್ಲಿ ಎರಡೇ ದಿನದಲ್ಲಿ ಗುಣ ಕಂಡರೆ ಅದನ್ನು ಸಂಶಯದಿಂದ ನೋಡಬೇಕು.

ಕಲ್ಪನೆ 1: ಗಜಕರ್ಣಕ್ಕೆ ಮೆಡಿಕಲ್‌ನಿಂದ ತಂದ ಟ್ಯೂಬ್ ಸಾಕು, ತುರಿಕೆ ನಿಂತರೆ ರೋಗ ಹೋಯಿತು

ಸತ್ಯ: ಈ ನಂಬಿಕೆಗಳಲ್ಲಿ ಅತಿ ಹೆಚ್ಚು ಹಾನಿ ಮಾಡುತ್ತಿರುವುದು ಇದೇ. ಕನ್ನಡದಲ್ಲೂ ಮರಾಠಿಯಲ್ಲೂ ಗಜಕರ್ಣ ಎಂದೇ ಕರೆಯುವ, ನಮ್ಮಲ್ಲಿ ಕೆಲವೆಡೆ ಹುಳುಕಡ್ಡಿ ಎನ್ನುವ ಈ ರೋಗಕ್ಕೆ ಕಾರಣ ಹುಳುವಲ್ಲ, ಶಿಲೀಂಧ್ರ. ತೊಡೆಸಂದು, ಸೊಂಟ, ಕಂಕುಳು ಹೀಗೆ ಬೆವರು ನಿಲ್ಲುವ ಕಡೆ ಅದು ಉಂಗುರದಂತೆ ಹರಡುತ್ತದೆ. ಅಂಗಡಿಯಲ್ಲಿ ಕೇಳಿದರೆ ಕೈಗೆ ಬರುವ ಹಲವು ಅಗ್ಗದ ಟ್ಯೂಬ್‌ಗಳಲ್ಲಿ ಶಿಲೀಂಧ್ರದ ಔಷಧದ ಜೊತೆ ಒಂದು ಪ್ರತಿಜೀವಕ, ಅದರ ಮೇಲೆ ಕ್ಲೋಬೆಟಸಾಲ್‌ನಂಥ ತೀವ್ರ ಸ್ಟೀರಾಯ್ಡ್ ಬೆರೆತಿರುತ್ತದೆ.

ಸ್ಟೀರಾಯ್ಡ್ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಶಿಲೀಂಧ್ರದ ವಿರುದ್ಧ ನಮ್ಮ ದೇಹ ಹೂಡುವ ಹೋರಾಟವನ್ನು ಅದು ಅಡಗಿಸುತ್ತದೆ. ಕೆಂಪು, ಉರಿ, ತುರಿಕೆ ಎಲ್ಲವೂ ಆ ಹೋರಾಟದ ಗುರುತುಗಳು. ಅವು ಎರಡು ದಿನದಲ್ಲಿ ಇಳಿದಾಗ ರೋಗಿ ನೆಮ್ಮದಿಯಾಗಿ ಮಲಗುತ್ತಾನೆ, ಕಾವಲಿಲ್ಲದ ಹೊಲಕ್ಕೆ ನುಗ್ಗಿದ ದನದಂತೆ ಶಿಲೀಂಧ್ರ ಮೇಯುತ್ತದೆ. ಟ್ಯೂಬ್ ಬಿಟ್ಟ ಕೂಡಲೇ ಮೊದಲಿಗಿಂತ ದೊಡ್ಡದಾಗಿ ಮೇಲೇಳುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಸಂದಿನ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲಿನಂಥ ಗೀರುಗಳು ಬೀಳುತ್ತವೆ. ಆ ಗೀರು ಪೂರ್ತಿ ಮಾಯುವುದಿಲ್ಲ.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಭಾರತದ ಗಜಕರ್ಣವೇ ಬದಲಾಗಿದೆ. ಮೊದಲು ಸುಲಭವಾಗಿ ಮಣಿಯುತ್ತಿದ್ದ ಟರ್ಬಿನಾಫಿನ್ ಔಷಧಕ್ಕೆ ಈಗ ಅನೇಕ ರೋಗಿಗಳಲ್ಲಿ ಅದು ಬಗ್ಗುತ್ತಿಲ್ಲ. ಈ ಹಟಮಾರಿ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶವಿದೆ, ಇಂದು ಅದು ಬೇರೆ ಖಂಡಗಳಿಗೂ ಹಬ್ಬಿದೆ. ಅದಕ್ಕೆ ಹಾದಿ ಮಾಡಿಕೊಟ್ಟ ಕಾರಣಗಳಲ್ಲಿ ಸ್ಟೀರಾಯ್ಡ್ ಬೆರೆಸಿದ ಟ್ಯೂಬ್‌ಗಳ ದುರ್ಬಳಕೆಯೂ ಒಂದೆಂದು ಚರ್ಮತಜ್ಞರು ವರ್ಷಗಳಿಂದ ಹೇಳುತ್ತಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಲೇಪನಗಳನ್ನು ಶೆಡ್ಯೂಲ್ ಎಚ್ ಕಟ್ಟುನಿಟ್ಟಿಗೆ ತಂದಿತು. ಎಂದರೆ ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ನಿಯಮವಿದ್ದರೂ ಚೀಟಿ ಕೇಳದ ಅಂಗಡಿಗಳಿವೆ, ಆದ್ದರಿಂದ ಎಚ್ಚರ ಕೊಳ್ಳುವವರಲ್ಲೇ ಇರಬೇಕು.

ಸರಿಯಾದ ಚಿಕಿತ್ಸೆಗೆ ವಾರಗಳು ಬೇಕು, ಕೆಲವರಿಗೆ ತಿಂಗಳುಗಳೇ ಬೇಕು. ಕಲೆ ಮಾಸಿದ ಮೇಲೂ ವೈದ್ಯರು ಹೇಳುವವರೆಗೆ ಔಷಧ ಬಿಡಬಾರದು. ಒಂದೇ ಕೋಣೆಯಲ್ಲಿ ಮಲಗುವವರಲ್ಲಿ ತುರಿಕೆ ಇರುವವರೆಲ್ಲರೂ ಒಟ್ಟಿಗೆ ಔಷಧ ಮಾಡಬೇಕು, ಇಲ್ಲವಾದರೆ ಒಬ್ಬನಿಂದ ಇನ್ನೊಬ್ಬನಿಗೆ ಅದು ಸುತ್ತುತ್ತಲೇ ಇರುತ್ತದೆ. ಟವೆಲ್, ಒಳಉಡುಪು, ಹಾಸಿಗೆ ಹಂಚಿಕೊಳ್ಳಬಾರದು. ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು, ಬಿಸಿಲಿಲ್ಲದ ಮಳೆಗಾಲದಲ್ಲಿ ಇಸ್ತ್ರಿ ಮಾಡಬೇಕು. ಬಿಗಿಯಾದ ಜೀನ್ಸಿಗಿಂತ ಸಡಿಲವಾದ ಹತ್ತಿ ಬಟ್ಟೆ ಲೇಸು.

ಕಲ್ಪನೆ 2: ಬಕೆಟ್ ನೀರಿಗೆ ಆಂಟಿಸೆಪ್ಟಿಕ್ ಹಾಕಿ ಮಿಂದರೆ ಚರ್ಮರೋಗ ಬರುವುದಿಲ್ಲ

ಸತ್ಯ: ಗಾಯ ತೊಳೆಯುವ ದ್ರಾವಣ ನಿತ್ಯ ಸ್ನಾನಕ್ಕಲ್ಲ. ಅದು ಚರ್ಮದ ಸಹಜ ಜಿಡ್ಡನ್ನು ತೊಳೆದು ಒಣಗಿಸುತ್ತದೆ, ಕೆಲವರಿಗೆ ಉರಿಯೂತ ತರುತ್ತದೆ. ಇಲ್ಲಿ ಮೈ ತೊಳೆಯುವುದಕ್ಕಿಂತ ಮೈ ಒರೆಸುವುದು ಮುಖ್ಯ. ನೆಲ ಒದ್ದೆಯಿರುವ ಅಡುಗೆಮನೆಯಲ್ಲಿ, ಮಳೆನೀರು ನಿಂತ ರಸ್ತೆಯಲ್ಲಿ ಓಡಾಡುವವರ ಕಾಲ್ಬೆರಳ ಸಂದಿಯಲ್ಲಿ ಏಳುವ ಕೆಸರುಹುಣ್ಣಿಗೆ ನಮ್ಮ ಊರಿನವರು ಹೊಸಬರಲ್ಲ. ಮನೆಗೆ ಬಂದ ಕೂಡಲೇ ಕಾಲು ತೊಳೆದು, ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸಿ ಒಣಗಿಸುವುದೇ ಅದನ್ನು ತಡೆಯುವ ಮೊದಲ ಉಪಾಯ.

ಕಲ್ಪನೆ 3: ಬಣ್ಣ ಬೆಳ್ಳಗಾದರೆ ಚರ್ಮ ಆರೋಗ್ಯವಾಯಿತು

ಸತ್ಯ: ಕಪ್ಪು ಬಣ್ಣ ಕೊಡುವ ಮೆಲನಿನ್ ನಮ್ಮನ್ನು ಬಿಸಿಲಿನ ಅತಿನೇರಳೆ ಕಿರಣಗಳಿಂದ ಕಾಯುವ ಕೊಡೆ. ಅದನ್ನು ಕಿತ್ತರೆ ಚರ್ಮ ದುರ್ಬಲವಾಗುತ್ತದೆ. 'ಫೇರ್ ಆಂಡ್ ಲವ್ಲಿ' ಎಂಬ ಬಿಳುಪಿನ ಕ್ರೀಮ್ 1975ರಲ್ಲಿ ಮಾರುಕಟ್ಟೆಗೆ ಬಂತು. 2020ರಲ್ಲಿ ಕಂಪನಿ ಅದರ ಹೆಸರಿನಿಂದ 'ಫೇರ್' ಅನ್ನು ತೆಗೆಯಿತು. ಹೆಸರು ಹೋದರೂ ಹಂಬಲ ಹೋಗಿಲ್ಲ. ಆ ಹಂಬಲದ ಬೆನ್ನಿಗೇ ಲೇಬಲ್ ಇಲ್ಲದ, ತಯಾರಕರ ವಿಳಾಸವಿಲ್ಲದ ಡಬ್ಬಿಗಳು ಬರುತ್ತವೆ.

ಅಂಥ ಕೆಲವು ಕ್ರೀಮುಗಳಲ್ಲಿ ಪಾದರಸವಿರುತ್ತದೆ. ಮೆಲನಿನ್ ತಯಾರಾಗುವುದನ್ನು ತಡೆದು ಅದು ಮುಖವನ್ನು ಬೇಗ ಬಿಳುಪಾಗಿಸುತ್ತದೆ, ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇರಳದ ಕೋಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೂತ್ರದಲ್ಲಿ ಪ್ರೋಟೀನ್ ಸೋರುವ ಒಂದು ಬಗೆಯ ಮೂತ್ರಪಿಂಡ ರೋಗದ 22 ಪ್ರಕರಣ ನೋಡಿದರು. ಅವರಲ್ಲಿ 15 ಮಂದಿಯಲ್ಲಿ ಆ ರೋಗದ ಅಪರೂಪದ ರೂಪವಿತ್ತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಹಚ್ಚುತ್ತಿದ್ದರು. ಕ್ರೀಮ್ ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಭಾರತದ 2020ರ ಪ್ರಸಾಧನ ನಿಯಮಗಳ ಪ್ರಕಾರ ಇಂಥ ಕ್ರೀಮಿಗೆ ಪಾದರಸ ಬೆರೆಸುವಂತಿಲ್ಲ. ಅರಿಯದೆ ಸೇರಿದ್ದೂ ಹತ್ತು ಲಕ್ಷದಲ್ಲಿ ಒಂದು ಪಾಲನ್ನು ಮೀರುವಂತಿಲ್ಲ.

ಮುಖದ ಕಪ್ಪು ಕಲೆಯಾದ ಬಂಗಿಗೆಂದು ಬಳಸುವ ಕೆಲವು ಕ್ರೀಮುಗಳಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆ ಸ್ಟೀರಾಯ್ಡ್ ಇರುತ್ತದೆ. ವೈದ್ಯರು ಅದನ್ನು ಕೆಲವು ವಾರಗಳಿಗೆಂದು ಬರೆದುಕೊಡುತ್ತಾರೆ. ವರ್ಷವಿಡೀ ಹಚ್ಚಿಕೊಂಡರೆ ಮುಖ ಕೆಂಪಾಗುತ್ತದೆ, ಮೊಡವೆ ಏಳುತ್ತದೆ, ಬಿಟ್ಟರೆ ಉರಿ ತಡೆಯಲಾಗುವುದಿಲ್ಲ.

ಕಲ್ಪನೆ 4: ಮೀನು ತಿಂದು ಹಾಲು ಕುಡಿದರೆ ತೊನ್ನು, ಮಗುವಿನ ಕೆನ್ನೆಯ ಬಿಳಿಮಚ್ಚೆ ಎಂದರೆ ಜಂತುಹುಳ

ಸತ್ಯ: ಎರಡೂ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಬಣ್ಣದ ಕೋಶಗಳ ಮೇಲೆ ತಿರುಗಿಬಿದ್ದಾಗ ತೊನ್ನು ಬರುತ್ತದೆ. ಮೀನು, ಹಾಲು, ಮೊಸರಿಗೂ ಅದಕ್ಕೂ ನಂಟಿಲ್ಲ. ಅದು ಅಂಟುರೋಗವಲ್ಲ, ಕುಷ್ಠವೂ ಅಲ್ಲ. ಒಬ್ಬರ ಮದುವೆ ತಪ್ಪಿಸಲು, ತಟ್ಟೆ ಬೇರೆ ಇಡಲು ಅದು ಕಾರಣವಾಗಬಾರದು. ಮಕ್ಕಳ ಕೆನ್ನೆಯ ಮಸುಕು ಮಚ್ಚೆ ಹೆಚ್ಚಾಗಿ ಒಣಚರ್ಮದ ಸೌಮ್ಯ ಉರಿಯೂತ. ಎದೆ, ಬೆನ್ನಿನ ಮೇಲೆ ಬೆವರಿನ ದಿನಗಳಲ್ಲಿ ಏಳುವ ಸಿಬ್ಬು ಮೈಮೇಲೆ ಸದಾ ಇರುವ ಯೀಸ್ಟ್‌ನ ಕೆಲಸ. ಔಷಧದಿಂದ ಅದು ಹೋಗುತ್ತದೆ, ಆದರೆ ಬಣ್ಣ ಮರಳಲು ಕೆಲವು ತಿಂಗಳು ಬೇಕು. ಔಷಧ ಕೆಲಸ ಮಾಡಲಿಲ್ಲವೆಂದು ಜನ ತಪ್ಪು ತಿಳಿಯುವುದು ಇಲ್ಲೇ. ಒಂದು ಮಚ್ಚೆಯನ್ನು ಮಾತ್ರ ಕಡೆಗಣಿಸಬಾರದು: ಮುಟ್ಟಿದರೆ, ಚುಚ್ಚಿದರೆ ಗೊತ್ತಾಗದ ಮಚ್ಚೆ. ಅದು ಕುಷ್ಠವಾಗಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಔಷಧ ಉಚಿತ, ರೋಗ ಪೂರ್ತಿ ಗುಣವಾಗುತ್ತದೆ.

ಕಲ್ಪನೆ 5: ಇಲ್ಲಿನ ಟ್ಯಾಂಕರ್ ನೀರಿನಿಂದಲೇ ಕೂದಲು ಉದುರುತ್ತದೆ

ಸತ್ಯ: ಊರ ಬಾವಿ ನೀರಿಗೆ ಹೊಂದಿದ ತಲೆ ಇಲ್ಲಿನ ನೀರಿಗೆ ಬೋಳಾಯಿತೆಂದು ಹೇಳುವವರು ಬಹಳ. ಗಡಸು ನೀರು ಕೂದಲಿನ ಎಳೆಯನ್ನು ಒರಟು ಮಾಡಬಹುದು, ಎಳೆ ತುಂಡಾಗಬಹುದು. ಬೇರಿನಿಂದ ಉದುರಲು ಕಾರಣ ಬೇರೆ. ತಲೆಯ ಸುಮಾರು ಒಂದು ಲಕ್ಷ ಕೂದಲಿನಲ್ಲಿ ದಿನಕ್ಕೆ 50ರಿಂದ 100 ಉದುರುವುದು ಸಹಜ. ಡೆಂಗಿ, ಟೈಫಾಯ್ಡ್, ಹೆರಿಗೆ, ಕಠಿಣ ಪಥ್ಯ ಇವುಗಳ ಏಟು ಕೂದಲಿನಲ್ಲಿ ಕಾಣುವುದು ಎರಡು ಮೂರು ತಿಂಗಳ ಬಳಿಕ. ಅಷ್ಟರಲ್ಲಿ ಜ್ವರ ಮರೆತಿರುತ್ತದೆ, ಬೈಗುಳ ನೀರಿಗೆ ಬೀಳುತ್ತದೆ.

ಬುಲ್ಢಾಣಾ ಜಿಲ್ಲೆಯ ಶೇಗಾಂವ್ ತಾಲೂಕಿನ ಹಳ್ಳಿಗಳಲ್ಲಿ 2025ರ ಜನವರಿ ಹೊತ್ತಿಗೆ ಜನರ ತಲೆಗೂದಲು ದಿನಗಳಲ್ಲೇ ಉದುರಿದಾಗಲೂ ಮೊದಲ ಗುಮಾನಿ ನೀರಿನ ಮೇಲೇ ಬಿತ್ತು. ಚೇಳುಕಡಿತದ ಚಿಕಿತ್ಸೆಗೆ ಹೆಸರಾದ, ರಾಯಗಡದ ಮಹಾಡ್‌ನ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ನಡೆಸಿದ ಪರೀಕ್ಷೆ ಬೇರೆಯದನ್ನೇ ತೋರಿಸಿತು: ಜನ ತಿನ್ನುತ್ತಿದ್ದ ಪಡಿತರದ ಗೋಧಿಯಲ್ಲಿ ಸೆಲೆನಿಯಂ ವಿಪರೀತವಾಗಿತ್ತು. ತಲೆಗೆ ಸುರಿದದ್ದಕ್ಕಿಂತ ಹೊಟ್ಟೆಗೆ ಹೋದದ್ದು ಕೂದಲಿಗೆ ಹೆಚ್ಚು ತಟ್ಟುತ್ತದೆ.

ಕಲ್ಪನೆ 6: ತಲೆಹೊಟ್ಟಿಗೆ ಎಣ್ಣೆಯೇ ಮದ್ದು

ಸತ್ಯ: ಕೊಬ್ಬರಿ ಎಣ್ಣೆ ಕೂದಲಿಗೆ ಒಳ್ಳೆಯದೇ. ಅದು ಎಳೆಯೊಳಗೆ ಇಳಿದು ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆಂದು ರೇಳೆ ಮತ್ತು ಮೊಹಿಲೆ ಎಂಬ ಸಂಶೋಧಕರು 2003ರಲ್ಲಿ ತೋರಿಸಿದರು. ಆದರೆ ಅದು ಕೂದಲ ಎಳೆಯ ಮಾತು. ನೆತ್ತಿಯ ಹೊಟ್ಟಿಗೆ ಕಾರಣವಾದ ಮ್ಯಾಲಸೀಜಿಯ ಎಂಬ ಯೀಸ್ಟ್ ಜಿಡ್ಡನ್ನೇ ತಿಂದು ಬದುಕುತ್ತದೆ. ಹೊಟ್ಟಿನ ತಲೆಗೆ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟರೆ ಪದರ ಮೆತ್ತಗಾಗಿ ಕಾಣದಂತಾಗುತ್ತದೆ, ಹೊಟ್ಟು ಹೆಚ್ಚುತ್ತದೆ. ಕೀಟೋಕೊನಾಜೋಲ್ ಶಾಂಪೂ ಹಚ್ಚಿ ಕೆಲವು ನಿಮಿಷ ಬಿಟ್ಟು ತೊಳೆಯುವುದು ಸರಿಯಾದ ದಾರಿ.

ತಲೆ ಬೋಳಿಸಿದರೆ ಕೂದಲು ದಟ್ಟವಾಗುತ್ತದೆ ಎಂಬುದೂ ಇಂಥದೇ ಮಾತು. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಅಳೆದು ನೋಡಿ, ಬೋಳಿಸುವುದರಿಂದ ಕೂದಲು ದಪ್ಪವಾಗುವುದಿಲ್ಲವೆಂದು ತಿಳಿಸಿದ್ದರು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ದಪ್ಪ ಅನ್ನಿಸುತ್ತದೆ, ಅಷ್ಟೇ.

ಭಿವಂಡಿಯಲ್ಲಿ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ ಇದೆ, ಠಾಣೆಯ ಕಳವಾದಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ ಇದೆ. ಪಾಳಿ ತಪ್ಪಿದರೆ ಕೂಲಿ ತಪ್ಪುತ್ತದೆಂಬ ಕಷ್ಟ ಸಣ್ಣದಲ್ಲ. ಆದರೂ ಅರ್ಧ ದಿನ ತೋರಿಸಲು ಹೋಗದ ಕಾರಣಕ್ಕೆ ವರ್ಷಗಟ್ಟಲೆ ತುರಿಸಿಕೊಳ್ಳುವುದು ಅದಕ್ಕಿಂತ ದುಬಾರಿ. ಮನೆಯಲ್ಲಿರುವ ಟ್ಯೂಬನ್ನು ಇವತ್ತೇ ತಿರುಗಿಸಿ ಹೆಸರು ಓದಿ. ಕ್ಲೋಬೆಟಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಚೀಟಿ ಇಲ್ಲದೆ ತಂದದ್ದಾದರೆ ಹಚ್ಚುವುದನ್ನು ಮುಂದುವರಿಸಬೇಡಿ, ಆ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಮವೈದ್ಯರ ಬಳಿಗೆ ಹೋಗಿ.